ಮೂಗುಬಟ್ಟಿನ ಬೆನ್ನು

ಎಡ ಹೊಳ್ಳೆಯೊಳಗೆ ಮತ್ತೆ ಹುಣ್ಣಾಗಿತ್ತು. ಬೆಳಿಗ್ಗೆ ಮುಖ ತೊಳೆಯುವಾಗ ನೀರು ತಾಕಿದ್ದೇ ತಡ, ಕಣ್ಣಿನವರೆಗೂ ಚುರ್ರೆಂದಿತು. ಪುಟ್ಟತಾಯಮ್ಮ ಯಾರಿಗೂ ಹೇಳಲಿಲ್ಲ. ಅಟ್ಟ ಹತ್ತಿ, ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಹಿಂದೆ ಇಟ್ಟಿದ್ದ ದಿನಚರಿ ಪುಸ್ತಕ ತೆಗೆದು, ಸೀಸದ ಕಡ್ಡಿಯಲ್ಲಿ ಬರೆದಳು: 'ಎಡಗಡೆ. ಮತ್ತೆ. ಇದು ಯಾಕೆ ಬರುತ್ತದೆಂದು ನನಗೆ ಗೊತ್ತಿಲ್ಲ ಎಂದು ಇನ್ನೆಷ್ಟು ದಿನ ಬರೆಯಲಿ?' ಬರೆದದ್ದನ್ನು ಓದಿದಾಗ ಅವಳಿಗೇ ನಾಚಿಕೆಯಾಯಿತು. ಪುಸ್ತಕ ಮುಚ್ಚಿ ವಾಡೆಯ ಹಿಂದಕ್ಕೆ ಇನ್ನಷ್ಟು ಆಳಕ್ಕೆ ತಳ್ಳಿದಳು.

ಅವಳು ಕ್ಯಾತನಹಳ್ಳಿಯ ಶಿವಣ್ಣನವರ ಒಬ್ಬಳೇ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಊರಿಗೆ ಬಂದು ಹತ್ತು ತಿಂಗಳಾಗಿತ್ತು. ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿ. ನಾಲೆಯ ನೀರು ಬಂದು ಸುತ್ತಲ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾಗಿದ್ದ ಕಾಲ. ಆ ಸೀಮೆಯ ಒಕ್ಕಲುಮನೆಗಳಲ್ಲಿ ಬಿ.ಎ. ಮಾಡಿದ ಮೊದಲ ಹೆಣ್ಣುಮಗಳು ಇವಳೇ ಎಂದು ಅಜ್ಜಿ ದ್ಯಾವಮ್ಮ ಸಾರಿಬಿಟ್ಟಿದ್ದಳು. ನಿಜವೋ ಸುಳ್ಳೋ, ಅಲ್ಲವೆಂದು ಆಕೆಯ ಎದುರು ನಿಂತು ಹೇಳುವವರು ಯಾರೂ ಇರಲಿಲ್ಲ.

ಕರಿಯ ಗೌನು ತೊಟ್ಟು, ಕೈಯಲ್ಲಿ ಸುರುಳಿ ಹಿಡಿದು ಮೊಮ್ಮಗಳು ತೆಗೆಸಿಕೊಂಡ ಪಟ ಜಗುಲಿಯ ಗೋಡೆಯ ಮೇಲಿತ್ತು. ಬಳೆ ಮಾರುವವಳು ಬರಲಿ, ಕಂದಾಯದವರು ಬರಲಿ, ದ್ಯಾವಮ್ಮ ಮೊದಲು ಅವರನ್ನು ಪಟದ ಮುಂದೆ ನಿಲ್ಲಿಸುತ್ತಿದ್ದಳು.

"ಅದು ಕರೀ ಕಂಬ್ಳಿ ಅಲ್ಲ ಕಣವ್ವಾ, ಬೀಯೇ ಕೋಟು! ವರ್ಸಾನುಗಟ್ಲೆ ಓದುದ್ರೆ ಒಂದೇ ಒಂದು ದಿನ ಆಕ್ಕಳಾಕೆ ಬುಡ್ತಾರೆ. ಆಮೇಲೆ ಬಿಚ್ಚಿಸ್ಕಂಬುಡ್ತಾರೆ. ಬೀಯೇ ಮಾತ್ರ ಬಿಚ್ಚಾಕಾಗಕ್ಕಿಲ್ಲ, ಅದು ಮೈಗಂಟ್ಕಂಡಿರ್ತದೆ."

ಮೈಗಂಟಿಕೊಂಡಿದ್ದ ಆ ಬಿ.ಎ.ಗೆ ತಕ್ಕ ಒಡವೆ ಬೇಡವೇ? ದ್ಯಾವಮ್ಮ ತನ್ನ ಕಿವಿಯ ಹಳೆಯ ಕೊಪ್ಪು ಬಿಚ್ಚಿ, ಗಾಡಿ ಕಟ್ಟಿಸಿಕೊಂಡು, ಸೀದಾ ನಾಗಮಂಗಲಕ್ಕೆ ಹೋದಳು. ಅಲ್ಲಿಯ ಅಕ್ಕಸಾಲಿ ಕಾಳಾಚಾರಿಯ ಎದುರು ಚಾಪೆ ಹಾಸಿಕೊಂಡು ಕೂತು, ಕೊಪ್ಪು ಕರಗಿಸಿ, ಏಳು ಕೆಂಪು ಕಲ್ಲಿನ ಮೂಗುಬಟ್ಟು ಮಾಡಿಸಿ ತಂದಳು. ಅದನ್ನು ಪುಟ್ಟತಾಯಮ್ಮನ ಎಡಮೂಗಿಗೆ ತಾನೇ ತಿರುಗಿಸಿ ಕೂಡಿಸಿದ ದಿನ ಬೀದಿಗೆಲ್ಲ ಬೆಲ್ಲ ಹಂಚಿದಳು.

ಅದಾದ ಮೇಲೆ ಶುರುವಾದದ್ದು ಈ ಹುಣ್ಣು. ಹಾಗೆಂದು ಮನೆಯವರು ತಿಳಿದಿದ್ದರು.

ಬರುವುದು, ಹಕ್ಕಳೆ ಕಟ್ಟುವುದು, ಉದುರುವುದು, ತಿಂಗಳು ತುಂಬುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬರುವುದು. ಹೊರಗೆ ಮೂಗಿನ ತುದಿಯೂ ಕೆಂಪಾಗಿ, ಏಳು ಕಲ್ಲಿನ ಜೊತೆಗೆ ಎಂಟನೆಯದೊಂದು ಸೇರಿದ ಹಾಗೆ ಕಾಣುತ್ತಿತ್ತು. ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಓದಿನ ಕಾವು ನೆತ್ತಿಯಿಂದಿಳಿದು ಮೂಗಿಗೆ ಬಂದಿದೆ, ಹರಳೆಣ್ಣೆ ಒತ್ತಿ ಎಂದರು. ದೇವರಿಗೆ ಮುಡಿಸುವ ಹೂವನ್ನು ಮೊದಲೇ ಮೂಸಿರಬೇಕು, ತಪ್ಪುಕಾಣಿಕೆ ಕಟ್ಟಿ ಎಂದರು. ಪಕ್ಕದ ಮನೆಯ ಬೀರಮ್ಮನ ಕಾರಣ ಇವೆಲ್ಲಕ್ಕಿಂತ ಗಟ್ಟಿಯಾಗಿತ್ತು.

"ಇಂಗ್ಲೀಸು ಮೂಗಲ್ಲೇ ಅಲ್ವೇನಕ್ಕಾ ಆಡದು? ಅಷ್ಟೊರ್ಸ ಆಡಿ ಆಡಿ ಸವೆದೋಗದೆ."

"ಸುಮ್ಕಿರೇ ನೀನು! ನಿನ್ ಮೂಗು ಗೊರಕೆ ಒಡ್ದು ಸವೀನಿಲ್ವಲ್ಲ," ಎಂದಳು ದ್ಯಾವಮ್ಮ. ಆದರೂ ಬೀರಮ್ಮ ಹೋದ ಮೇಲೆ ಮೊಮ್ಮಗಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ದಿಟ್ವಾ ಮಗಾ? ಮೂಗಲ್ಲೇ ಆಡದಾ?"

ಕೃಷ್ಣರಾಜಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬರಬೇಕೆಂದು ಪುಟ್ಟತಾಯಮ್ಮನಿಗೆ ಕಾಗದ ಬಂದಿತ್ತು. ಮಕ್ಕಳ ಮುಂದೆ ಕೆಂಪುಮೂಗಿನ ಮೇಷ್ಟ್ರಮ್ಮ ನಿಲ್ಲುವುದು ಅಜ್ಜಿಗೆ ಸರಿಬರಲಿಲ್ಲ. ಶಿವಣ್ಣ ಕಮಾನುಗಾಡಿ ಕಟ್ಟಿಸಿದರು. ಅಜ್ಜಿ ಮೊಮ್ಮಗಳು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೋದರು.

ಅಲ್ಲಿದ್ದವರು ವಯಸ್ಸಾದ ಡಾಕ್ಟರು. ಹಣೆಗೆ ಕಟ್ಟಿಕೊಂಡ ಸಣ್ಣ ಕನ್ನಡಿಯಿಂದ ಮೂಗಿನೊಳಕ್ಕೆ ಬೆಳಕು ಬಿಟ್ಟು ನೋಡಿದರು. ಹತ್ತಿಯ ಎಳೆಯಿಂದ ಅವಳ ಕೆನ್ನೆ, ಕಿವಿ, ಮೊಣಕೈ ಮುಟ್ಟಿ, ತಾಕಿದ್ದು ತಿಳಿಯುತ್ತದೆಯೇ ಎಂದು ಕೇಳಿದರು. ಆಮೇಲೆ ನಿರಾಳವಾಗಿ ಕುರ್ಚಿಗೆ ಒರಗಿದರು.

"ದೊಡ್ಡ ರೋಗ ಅಲ್ಲ, ಕುಷ್ಠದ ಭಯಾನ ಮೊದಲು ಮನಸ್ಸಿಂದ ತೆಗೆದುಹಾಕಿ. ಇದು ಮತ್ತೆ ಮತ್ತೆ ಬರೋಕೆ ಹತ್ತಾರು ಕಾರಣ ಇರುತ್ತೆ. ಒಣಗಾಳಿ, ಬಿಡದ ನೆಗಡಿ, ನಶ್ಯ, ಮೆಣಸಿನಕಾಯಿ ಘಾಟು. ಕೆಲವರಿಗೆ ಒಡವೆಯ ಲೋಹ ಒಗ್ಗಲ್ಲ. ಕೆಲವರಿಗೆ ಸಿಹಿಮೂತ್ರ ಇದ್ರೂ ಹುಣ್ಣು ಬೇಗ ಮಾಯಲ್ಲ. ಆದರೆ ನಾನು ನೋಡಿದ್ರಲ್ಲಿ ಹೆಚ್ಚಿನವರಿಗೆ ಬರೋದು ಬೆರಳಿಂದ. ಹಕ್ಕಳೆ ಕೀಳೋದು, ಕೂದಲು ಕೀಳೋದು. ಕಿತ್ತ ಬುಡದಲ್ಲಿ ನಂಜು ಸೇರಿಕೊಳ್ಳತ್ತೆ."

ದ್ಯಾವಮ್ಮ ಕೂತಲ್ಲಿಂದ ಎದ್ದೇಬಿಟ್ಟಳು. "ಏನ್ ಸ್ವಾಮಿ ಇಂಗಂತೀರಾ? ಬೀಯೇ ಮಾಡಿರೋ ಮಗ ಮೂಗ್ಗೆ ಬೆಳ್ಳಾಕ್ತದಾ? ನಮ್ಮನೇಲಿ ದನ ಕಾಯೋರೂ ಆಕಕ್ಕಿಲ್ಲ!"

ಡಾಕ್ಟರು ನಗಲಿಲ್ಲ. ಪುಟ್ಟತಾಯಮ್ಮನ ಕಡೆ ತಿರುಗಿ, "ನೀನು ಹೇಳಮ್ಮ. ಕೀಳ್ತೀಯಾ?" ಎಂದರು.

ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಬಾಯಿ ಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಆದರೆ ಆ ತಲೆ ಆಡಿಸಿದ್ದು ಎಷ್ಟು ದೂರ ಹೋಗುತ್ತದೆಂದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ನಿಜ ಹೀಗಿತ್ತು. ಹಾಸ್ಟೆಲಿನಲ್ಲಿ ಮೊದಲ ವರ್ಷದ ಪರೀಕ್ಷೆಗೆ ಓದುವಾಗ ತೂಕಡಿಕೆ ಬರುತ್ತಿತ್ತು. ಒಮ್ಮೆ ಸುಮ್ಮನೆ ಮೂಗಿನೊಳಗಿನ ಕೂದಲೊಂದನ್ನು ಎರಡು ಉಗುರಿನ ನಡುವೆ ಹಿಡಿದು ಕಿತ್ತಳು. ಕಣ್ಣಲ್ಲಿ ನೀರು ಚಿಮ್ಮಿ ನಿದ್ದೆ ಹಾರಿಹೋಯಿತು. ಅರ್ಥವಾಗದೆ ಕಾಡುತ್ತಿದ್ದ ಸಾಲು ಥಟ್ಟನೆ ಅರ್ಥವಾಯಿತು. ಅಂದಿನಿಂದ ಪುಸ್ತಕ ತೆರೆದರೆ ಎಡಗೈ ತಾನಾಗಿಯೇ ಮೂಗಿಗೆ ಹೋಗುತ್ತಿತ್ತು. ಅಜ್ಜಿ ಜಗುಲಿಯಲ್ಲಿ ತೂಗುಹಾಕಿದ್ದ ಆ ಬಿ.ಎ.ಯಲ್ಲಿ ಮೂಗಿನ ಕೂದಲುಗಳ ಪಾಲೂ ಇತ್ತು. ಈಗ ಕೃಷ್ಣರಾಜಪೇಟೆಯ ಮಕ್ಕಳಿಗೆ ಪಾಠ ಹೇಳಲೆಂದು ದಿನವೂ ಅಟ್ಟದಲ್ಲಿ ಕೂತು ಓದುತ್ತಿದ್ದಳು. ಕೈಯೂ ತನ್ನ ಕೆಲಸ ಮಾಡುತ್ತಿತ್ತು.

ಹಳೆಯ ದಿನಚರಿಗಳಲ್ಲಿ ಎಲ್ಲವೂ ಇತ್ತು. ಮೂವತ್ತನಾಲ್ಕರ ಮಾರ್ಚಿ: 'ಪರೀಕ್ಷೆಗೆ ಹತ್ತು ದಿನ. ಮೂಗಿನಲ್ಲಿ ಹುಣ್ಣು.' ಮೂವತ್ತೈದರಲ್ಲಿ ಅದೇ. ಮೂವತ್ತಾರರ ಫೆಬ್ರವರಿ: 'ಬೆರಳು ಸುಮ್ಮನಿರುವುದಿಲ್ಲ. ನಾನೆಂಥ ಹುಡುಗಿ!' ಏಳು ಕಲ್ಲಿನ ಬಟ್ಟು ಆಗಿನ್ನೂ ಅಜ್ಜಿಯ ಕಿವಿಯಲ್ಲಿ ಕೊಪ್ಪಾಗಿಯೇ ಇತ್ತು.

ಡಾಕ್ಟರು ಹೇಳಿದ ಹತ್ತಾರು ಕಾರಣಗಳಲ್ಲಿ ದ್ಯಾವಮ್ಮ ಒಂದನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು: ಒಡವೆಯ ಲೋಹ. ಮುಂದಿನ ಸಂತೆಯ ದಿನ ಮೂಗುಬಟ್ಟನ್ನು ಬಿಚ್ಚಿಸಿಕೊಂಡು ಹಿರೋಡೆಗೆ ಹೋಗಿ, ಚಿನ್ನ ಪರೀಕ್ಷೆ ಮಾಡುವ ಚಿನಿವಾರನೊಬ್ಬನ ಕೈಗೆ ಕೊಟ್ಟಳು. ಅವನು ಬಟ್ಟನ್ನು ಒರೆಗಲ್ಲಿಗೆ ಉಜ್ಜಿ, ಚಿನ್ನ ಅಪ್ಪಟ ಎಂದ. ಮೂಗಿನೊಳಗೆ ಕೂರುವ ತಿರುಪನ್ನು ಉಜ್ಜಿ, ಹುಬ್ಬು ಗಂಟಿಕ್ಕಿ, ಇದರಲ್ಲಿ ತಾಮ್ರ ಇದೆ ಎಂದ.

"ಸಿಕ್ತಲ್ಲ ಕಳ್ಳ!" ಎಂದಳು ದ್ಯಾವಮ್ಮ. "ಆವತ್ತು ಒಂದೇ ಗಳಿಗೆ ಎದ್ದು ಸೌಮ್ಯಕೇಶವನಿಗೆ ಕೈಮುಗ್ದು ಬತ್ತೀನಿ ಅಂತ ಓಗಿದ್ದೆ. ಅಷ್ಟರಲ್ಲೇ ನನ್ನ ಚಿನ್ನ ಕದ್ದು ತಾಮ್ರ ಆಕಿ ನನ್ ಮಗಿನ ಮೂಗು ತಿಂದವ್ನೆ!"

ಸಂತೆಯಲ್ಲಿ ಆಡಿದ ಮಾತು ಸಂತೆಯ ಗಾಡಿಗಳ ಜೊತೆಗೇ ಊರೂರಿಗೆ ಹೋಯಿತು. ಪಾಲಹಳ್ಳಿಯ ಕಡೆಯ ಒಬ್ಬರು ಮಗಳ ಮದುವೆಯ ಒಡವೆಗೆಂದು ಕಾಳಾಚಾರಿಗೆ ಕೊಟ್ಟಿದ್ದ ಚಿನ್ನವನ್ನು ಹಿಂದಕ್ಕೆ ತಂದರಂತೆ. ಅದನ್ನು ನೋಡಿ ಇನ್ನಿಬ್ಬರು ತಂದರಂತೆ. ಶಿವಣ್ಣ ಊಟಕ್ಕೆ ಕೂತಾಗ ಈ ಸುದ್ದಿ ಹೇಳಿ, "ಮೂರು ತಲೆಯಿಂದ ನಮ್ಮನೆಗೆ ಮಾಡ್ಕೊಟ್ಟ ಕೈ. ಇಂಗಾಗ್ಬಾರ್ದಿತ್ತು," ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಬಡಿಸುತ್ತಿದ್ದ ಪುಟ್ಟತಾಯಮ್ಮನಿಗೆ ಎಲ್ಲವೂ ಕೇಳಿಸಿತು. ಅಂದು ಮಧ್ಯಾಹ್ನ ಅಜ್ಜಿಗೆ ಹೇಳಿಯೇಬಿಡುತ್ತೇನೆಂದು ಹಿತ್ತಿಲಿಗೆ ಹೋದಳು. ದ್ಯಾವಮ್ಮ ಅವರೆಕಾಯಿ ಸುಲಿಯುತ್ತಾ ಬೀರಮ್ಮನಿಗೆ ಹೇಳುತ್ತಿದ್ದಳು: "ನನ್ ಮೊಮ್ಮಗ್ಳು ಅಂಗಲ್ಲ ಕಣೇ. ಓದಿರೋ ಮಗ. ಒಂದು ಸುಳ್ಳಾಡಕ್ಕಿಲ್ಲ, ಒಂದು ಕೆಟ್ಟ ಚಾಳಿ ಇಲ್ಲ." ಪುಟ್ಟತಾಯಮ್ಮ ಬಂದ ದಾರಿಯಲ್ಲೇ ಹಿಂದಿರುಗಿ ಅಟ್ಟ ಹತ್ತಿದಳು. 'ಆಗಲಿಲ್ಲ,' ಎಂದಷ್ಟೇ ಬರೆದಳು. ಮಾರನೆಯ ದಿನವೂ ಅದನ್ನೇ ಬರೆದಳು.

ಮೂರನೆಯ ದಿನ ಬೆಳಿಗ್ಗೆ ಕಾಳಾಚಾರಿ ತಾನೇ ಬಂದ. ಹಿರೋಡೆಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ಅರವತ್ತು ದಾಟಿದ ಸಣಕಲು ಆಳು. ಕೆಂಪು ರುಮಾಲು, ದಾರದಿಂದ ಕಿವಿಗೆ ಕಟ್ಟಿಕೊಂಡ ಕನ್ನಡಕ. ಅವನು ಬೀದಿಯಲ್ಲಿ ಬರುವುದನ್ನು ಕಂಡವರೆಲ್ಲ ಹಿಂದೆಯೇ ಬಂದು ಶಿವಣ್ಣನವರ ಜಗುಲಿಯ ಮುಂದೆ ಗುಂಪು ಕಟ್ಟಿದರು. ಪುಟ್ಟತಾಯಮ್ಮ ಒಳಬಾಗಿಲ ಮರೆಗೆ ಸರಿದು ನಿಂತಳು.

"ಬನ್ನಿ ಆಚಾರ್ರೇ, ಕೂತ್ಕಳಿ," ಎಂದರು ಶಿವಣ್ಣ.

"ಕೂರಾಕೆ ಬಂದಿಲ್ಲ ಗೌಡ್ರೇ. ನಿಂತೇ ಆಡೋ ಮಾತು." ಅವನು ಸೊಂಟದ ಗಂಟು ಬಿಚ್ಚಿ ಕರಿಯ ಒರೆಗಲ್ಲನ್ನು ತೆಗೆದು ಜಗುಲಿಯ ಮೇಲಿಟ್ಟ. ಮೂರು ತಲೆಮಾರು ಚಿನ್ನ ಉಜ್ಜಿ ಉಜ್ಜಿ ಅದರ ನಡು ಹಳ್ಳವಾಗಿತ್ತು. "ಎಲ್ಲಿ ಗೌಡಮ್ಮ, ಆ ಬಟ್ಟು ತನ್ನಿ."

ದ್ಯಾವಮ್ಮ ಹಿತ್ತಾಳೆ ತಟ್ಟೆಯಲ್ಲಿ ಮೂಗುಬಟ್ಟು, ತಿರುಪು ಎರಡನ್ನೂ ಇಟ್ಟು ತಂದಳು. "ಮೊದ್ಲು ಇದುಕ್ಕೆ ಬದ್ಲೇಳು. ತಿರುಪಲ್ಲಿ ತಾಮ್ರ ಆಕಿದ್ದೀಯೋ ಇಲ್ವೋ?"

"ಆಕಿವ್ನಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ನೋಡ್ರಪ್ಪ! ತಾನೇ ಒಪ್ಕಂಡ!" ಎಂದು ದ್ಯಾವಮ್ಮ ಎರಡೂ ಕೈ ಬೀಸಿದಳು.

"ಒಪ್ಕಳದೇನು, ಎದೆ ತಟ್ಟಿ ಏಳ್ತೀನಿ," ಎಂದ ಕಾಳಾಚಾರಿ. "ಅಪ್ಪಟ ಚಿನ್ನ ಬೆಣ್ಣೆ ಇದ್ದಂಗೆ. ತಿರುಪಿನ ಸುತ್ತು ಅದ್ರಲ್ಲಿ ನಿಲ್ಲಕ್ಕಿಲ್ಲ. ನಾಕು ದಿನ ತಿರುಗ್ಸುದ್ರೆ ಸವ್ದು, ಮಖ ತೊಳಿಯೋವಾಗ ಬಟ್ಟು ಜಾರಿ ಬಾವಿಗೆ ಬೀಳ್ತದೆ. ಅದ್ಕೇ ತಿರುಪಿಗೆ ಒಂಚೂರು ತಾಮ್ರ. ನಮ್ಮಪ್ಪನೂ ಆಕ್ದ, ನಮ್ ತಾತನೂ ಆಕ್ದ. ನಿಮ್ ಮೂಗಲ್ಲಿರೋ ಬಟ್ಟಿಗೂ ನಮ್ಮಪ್ಪ ಆಕವ್ನೆ ಗೌಡಮ್ಮ, ನಲವತ್ತು ವರ್ಸದಿಂದ ನಿಮ್ ಮೂಗು ನೆಟ್ಗೇ ಅದೆ. ಇದೆಲ್ಲ ಆವತ್ತೇ ಏಳಿದ್ದೆ."

"ನಂಗೇನೂ ಏಳ್ನಿಲ್ಲ ನೀನು."

"ಏಳ್ದೆ. ನೀವು ಮೊಮ್ಮಗಳ ಬೀಯೇ ವಿಸ್ಯ ಏಳ್ತಾ ಇದ್ರಿ. ನನ್ ಮಾತೆಲ್ಲಿ ನಿಮ್ ಕಿವಿಗೆ ಬಿತ್ತು?"

ಗುಂಪಿನಲ್ಲಿ ನಗು ಹರಡಿತು. ಬೀರಮ್ಮನ ನಗು ಎಲ್ಲರಿಗಿಂತ ಮೇಲೆ ಕೇಳಿಸಿತು. ಅದು ದ್ಯಾವಮ್ಮನಿಗೆ ನಾಟಿತು. ಮೂಗುಬಟ್ಟನ್ನು ಮಗುಚಿ, ಬೆನ್ನನ್ನು ಮೇಲೆ ಮಾಡಿ ಎಲ್ಲರಿಗೂ ಹಿಡಿದಳು.

"ತಾಮ್ರ ಬುಡು. ಇದೇನು? ಹಿಂದ್ಗಡೆ ನುಣ್ಗೆ ಮಾಡ್ದೆ ಎಂಗೆ ಗೀಚಿವ್ನೆ ನೋಡಿ! ಚಾಕಲ್ಲಿ ಕೆರ್ದಂಗೆ! ಇದು ಉಜ್ಜಿ ಉಜ್ಜೇ ಮಗಿನ ಮೂಗು ಉಣ್ಣಾಗದೆ. ಇದುಕ್ಕೇನಂತೀಯ?"

ಅಷ್ಟು ಹೊತ್ತು ಎದೆ ಸೆಟೆಸಿ ನಿಂತಿದ್ದ ಕಾಳಾಚಾರಿ ಮೊದಲ ಸಲ ನಾಚಿದವನಂತೆ ತಲೆ ತಗ್ಗಿಸಿದ.

"ಅದು ಗೀಚಿದ್ದಲ್ಲ," ಎಂದ. "ನಾನಾಗಿ ಏಳ್ಬಾರ್ದು ಅದ. ಓದೋರು ಯಾವತ್ತಾದ್ರೂ ನೋಡ್ಕತಾರೆ ಅನ್ಕಂಡಿದ್ದೆ." ಆಮೇಲೆ ದನಿ ಗಟ್ಟಿಮಾಡಿಕೊಂಡ. "ಇರ್ಲಿ ಗೌಡಮ್ಮ. ನನ್ ಒಡವೆ ಒಂದು ಮಗಿನ ಮೂಗ ತಿಂತು ಅಂತ ಊರೇ ಅಂದ್ಮೇಲೆ ನನ್ ಕೈಗೆ ಇನ್ನೇನು ಕೆಲಸ? ನೀವು ಇನ್ನೊಂದ್ ಸಲ ನನ್ನ ಕಳ್ಳ ಅನ್ನಿ. ಈ ಕಲ್ಲ ನಿಮ್ಮ ಬಾವಿಗೇ ಆಕ್ಬುಟ್ಟು ಓಯ್ತೀನಿ. ನಮ್ ಮನೇಲಿ ಇನ್ಮುಂದೆ ಯಾರೂ ಚಿನ್ನ ಮುಟ್ಟಕ್ಕಿಲ್ಲ."

ಅಕ್ಕಸಾಲಿ ಒರೆಗಲ್ಲನ್ನು ನೀರಿಗೆ ಹಾಕುವುದೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬಾವಿ ಅಂಗಳದಲ್ಲೇ ಇತ್ತು, ನಾಲ್ಕು ಹೆಜ್ಜೆ.

"ಅವ್ವಾ, ಸಾಕು," ಎಂದರು ಶಿವಣ್ಣ ತಾಯಿಗೆ. ದ್ಯಾವಮ್ಮ ಅವರ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಷ್ಟು ಜನರ ಮುಂದೆ ಹಿಂದೆ ಸರಿಯುವ ಹೆಂಗಸಲ್ಲ ಆಕೆ. ಕಾಳಾಚಾರಿಯ ಕೈ ಕಲ್ಲಿನ ಮೇಲಿತ್ತು.

ಬಾಗಿಲ ಮರೆಯಿಂದ ಪುಟ್ಟತಾಯಮ್ಮ ಹೊರಗೆ ಬಂದಳು. ಮೈಸೂರಿನಲ್ಲಿ ಮೂರು ವರ್ಷ ತರಗತಿಯಲ್ಲಿ ಎದ್ದುನಿಂತು ಒಂದು ಪ್ರಶ್ನೆಯನ್ನೂ ಕೇಳದ ಹುಡುಗಿ. ಊರಿನವರಲ್ಲಿ ಅರ್ಧ ಜನ ಅವಳ ದನಿಯನ್ನೇ ಕೇಳಿರಲಿಲ್ಲ. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿಯ ಕೈಯಿಂದ ಮೂಗುಬಟ್ಟು ತೆಗೆದುಕೊಂಡು ಅಂಗಳದ ಬಿಸಿಲಿಗೆ ಹಿಡಿದಳು.

ಅಷ್ಟು ತಿಂಗಳು ತನ್ನ ಮೂಗಿಗೆ ಅಂಟಿಕೊಂಡಿದ್ದ ಆ ಬೆನ್ನನ್ನು ಅವಳು ನೋಡಿರಲೇ ಇಲ್ಲ. ಕೊತ್ತಂಬರಿ ಕಾಳಿಗಿಂತ ತುಸುವೇ ದೊಡ್ಡದಾದ ಬಂಗಾರದ ಬಿಲ್ಲೆ. ಅದರ ಮೇಲೆ ಕೂದಲಿನಷ್ಟು ತೆಳುವಾದ ಗೆರೆಗಳು. ಗೆರೆಗಳಲ್ಲ, ಅಕ್ಷರ. ಎರಡೇ ಅಕ್ಷರ, ಸ್ವಲ್ಪ ಸೊಟ್ಟಗೆ, ಅಜ್ಜಿಯ ಬಾಯಲ್ಲಿ ಕೇಳಿದ ಹಾಗೆಯೇ ಕೊರೆದದ್ದು:

ಬೀಯೆ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಇನ್ನೊಮ್ಮೆ ಓದಿದಳು. ಯಾರೂ ಕೇಳದೆ, ಯಾರಿಗೂ ಹೇಳದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಈ ಮನುಷ್ಯ ಕನ್ನಡಕದ ದಾರ ಬಿಗಿದುಕೊಂಡು ಕೂತು ಇದನ್ನು ಕೊರೆದಿದ್ದ. ಗೋಡೆಯ ಮೇಲಿನ ಪಟವನ್ನು ಕಂಡರೆ ಅವಳಿಗೆ ಯಾವಾಗಲೂ ಮುದುರಿಕೊಳ್ಳುವಂತಾಗುತ್ತಿತ್ತು. ಈ ಎರಡಕ್ಷರ ಕಂಡಾಗ ಹಾಗಾಗಲಿಲ್ಲ. ತಾನು ಓದಿದ್ದು ನಿಜ, ನಿದ್ದೆಗೆಟ್ಟು ಓದಿದ್ದು ನಿಜ, ಇದು ತನ್ನದೇ ಎಂದು ಮೊದಲ ಸಲ ಅನ್ನಿಸಿತು. ತನ್ನದಾದರೆ, ಇದಕ್ಕೆ ತಕ್ಕ ಹಾಗೆ ನಿಲ್ಲುವುದೂ ತನ್ನ ಪಾಲಿಗೆ ಬಂದದ್ದೇ.

"ಇದು ಅಕ್ಷರ, ಅಜ್ಜೀ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಬೀಯೆ ಅಂತ ಬರೆದವ್ರೆ."

ಶಿವಣ್ಣ ಹತ್ತಿರ ಬಂದು ಬಗ್ಗಿ ನೋಡಿ, "ದಿಟ ಕಣವ್ವಾ," ಎಂದರು. ಗುಂಪಿನವರು ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಓದು ಬಾರದವರೂ ಇಣುಕಿ ನೋಡಿ ತಲೆದೂಗಿದರು. ಕಾಳಾಚಾರಿ ಮಾತ್ರ ನೆಲ ನೋಡುತ್ತಾ ನಿಂತಿದ್ದ.

ದ್ಯಾವಮ್ಮ ಸಾವರಿಸಿಕೊಂಡಳು. "ಬರ್ದವ್ನೆ ಸರಿ. ಒಳ್ಳೇದೇ ಆಯ್ತು," ಎಂದಳು, ಈಗ ಮೆತ್ತಗಿನ ದನಿಯಲ್ಲಿ. "ಆದ್ರೆ ಉಣ್ಣು? ಅದು ಎಲ್ಲಿಂದ ಬಂತು ಮಗಾ? ತಾಮ್ರದಿಂದ ಅಲ್ದಿದ್ರೆ ಇನ್ಯಾತುರ್ದಿಂದ?"

ಎಲ್ಲರ ಕಣ್ಣೂ ಅವಳ ಮೂಗಿನ ಮೇಲೆ ಬಂದು ನಿಂತವು. ಒರೆಗಲ್ಲು ಇನ್ನೂ ಜಗುಲಿಯ ಮೇಲೇ ಇತ್ತು, ಅಕ್ಕಸಾಲಿಯ ಕೈ ಅದರ ಮೇಲಿತ್ತು. ಅಟ್ಟದ ಮೇಲೆ, ರಾಗಿ ವಾಡೆಯ ಹಿಂದೆ, ಮೂರು ವರ್ಷದ ದಿನಚರಿ ಇತ್ತು. ತಂದು ತೋರಿಸಬಹುದಿತ್ತು, ಆದರೆ ಅಲ್ಲಿ ಬರೆದದ್ದನ್ನು ಓದಬಲ್ಲವರು ಆ ಗುಂಪಿನಲ್ಲಿ ಎಷ್ಟು ಜನ? ಇದು ಬಾಯಿಂದಲೇ ಬರಬೇಕಾದ ಮಾತು.

ಅವಳು ಮೂಗುಬಟ್ಟನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕೆಂಪಾದ ಮೂಗನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ತಲೆಯೆತ್ತಿ, ಗುಂಪಿನ ಕೊನೆಯಲ್ಲಿ ನಿಂತಿದ್ದ ಬೀರಮ್ಮನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಡಾಕ್ಟರ ಮುಂದೆ ನಾನು ಸುಳ್ಳಾಡ್ದೆ, ಅಜ್ಜೀ. ಓದುವಾಗ ಮೂಗಿನ ಕೂದ್ಲು ಕೀಳೋಳು ನಾನೇ."